ಗ್ರ್ಯಾಂಡ್ ಪಿಯಾನೋಗೆ ಬಾಯಿ ಎಲ್ಲಿದೆ? ವೇದಿಕೆಯಲ್ಲಿ ಮೈಕ್ ಇಡುವ ಬಗೆ

ಹಾಡುವವರಿಗೆ ಮೈಕ್ ಇಡುವುದು ಸುಲಭ. ಬಾಯಿ ಇದ್ದಲ್ಲಿ ಮೈಕ್. ಗಿಟಾರ್ ಆಂಪ್ ಆದರೂ ಅಷ್ಟೇ, ಸ್ಪೀಕರ್ ಕಣ್ಣೆದುರೇ ಇರುತ್ತದೆ. ಆದರೆ ಗ್ರ್ಯಾಂಡ್ ಪಿಯಾನೋ ಮುಂದೆ ಮೈಕ್ ಹಿಡಿದು ಮೊದಲ ಸಲ ನಿಂತಾಗ ಯಾರಿಗಾದರೂ ಗೊಂದಲವಾಗುತ್ತದೆ. ಇದಕ್ಕೆ ಬಾಯಿ ಎಲ್ಲಿದೆ?

ಒಂದೇ ಜಾಗದಲ್ಲಿ ಇಲ್ಲ. ದೊಡ್ಡ ಕಾನ್ಸರ್ಟ್ ಗ್ರ್ಯಾಂಡ್ ಸುಮಾರು 2.7 ಮೀಟರ್ ಉದ್ದ ಇರುತ್ತದೆ, ಅದರೊಳಗಿನ ಮರದ ಹಲಗೆ ತನ್ನ ಇಡೀ ಮೈಯಿಂದ ನುಡಿಯುತ್ತದೆ. ನೀವು ಒಂದು ಗೇಣು ದೂರದಲ್ಲಿ ಮೈಕ್ ಇಟ್ಟರೆ ನಿಮಗೆ ಸಿಗುವುದು ಪಿಯಾನೋ ಅಲ್ಲ, ಪಿಯಾನೋದ ಒಂದು ತುಂಡು. ದೂರ ಇಟ್ಟರೆ ಪೂರ್ತಿ ಪಿಯಾನೋ ಸಿಗುತ್ತದೆ, ಜೊತೆಗೆ ಡ್ರಮ್ಸ್, ಬೇಸ್, ಮಾನಿಟರ್ (ನುಡಿಸುವವರಿಗೆ ಕೇಳಲು ವೇದಿಕೆ ಮೇಲಿಡುವ ಸ್ಪೀಕರ್) ಎಲ್ಲವೂ ಬರುತ್ತವೆ. ಲೈವ್ ಕಾರ್ಯಕ್ರಮದಲ್ಲಿ ನಾವು ಮಾಡುವ ಕೆಲಸವೆಲ್ಲ ಈ ಎರಡರ ನಡುವೆ ಒಂದು ಜಾಗ ಹುಡುಕುವುದು. ಆ ಜಾಗ ಸರಿಯಾಗಿ ಸಿಕ್ಕರೆ ಮಿಕ್ಸರ್‌ನಲ್ಲಿ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಸಿಗದಿದ್ದರೆ ಈಕ್ಯೂ (ಮಂದ್ರ, ತಾರದ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗುಂಡಿಗಳು) ಎಷ್ಟು ತಿರುಗಿಸಿದರೂ ಸಮಾಧಾನ ಆಗುವುದಿಲ್ಲ.

ಮೈಕ್ ತೆಗೆಯುವ ಮೊದಲು ಒಳಗೆ ನೋಡಿ

ಮುಚ್ಚಳ ಎತ್ತಿ ಒಳಗೆ ನೋಡಿ. 88 ಕೀಗಳು. ಎಡತುದಿಯ ಮಂದ್ರ ಸ್ವರ 27.5 ಹರ್ಟ್ಸ್, ಬಲತುದಿಯ ತಾರ ಸ್ವರ ಸುಮಾರು 4186 ಹರ್ಟ್ಸ್. ತೀರಾ ಕೆಳಗಿನ ಸ್ವರಗಳಿಗೆ ತಾಮ್ರ ಸುತ್ತಿದ ಒಂದೊಂದೇ ದಪ್ಪ ತಂತಿ. ಸ್ವಲ್ಪ ಮೇಲಕ್ಕೆ ಎರಡೆರಡು, ಆಮೇಲೆ ಮೂರು ಮೂರು. ಒಟ್ಟು 230ರ ಆಸುಪಾಸು ತಂತಿಗಳು. ಮಂದ್ರದ ತಂತಿಗಳು ಉಳಿದವುಗಳ ಮೇಲೆ ಓರೆಯಾಗಿ ಹಾದು ಹೋಗುವುದನ್ನು ಗಮನಿಸಿ. ಮಂದ್ರದ ಮೈಕ್ ಎಲ್ಲಿಡಬೇಕು ಅನ್ನುವಾಗ ಇದು ಕೆಲಸಕ್ಕೆ ಬರುತ್ತದೆ.

ಫೆಲ್ಟ್ ಹೊದಿಸಿದ ಸುತ್ತಿಗೆ ತಂತಿಗೆ ಬಡಿಯುತ್ತದೆ. ತಂತಿ ನಡುಗುತ್ತದೆ. ತಂತಿಯಿಂದ ನೇರವಾಗಿ ಬರುವ ಸದ್ದು ಬಹಳ ಕಡಿಮೆ. ಆ ನಡುಕ ಕುದುರೆಯ (ತಂತಿಗಳು ಒರಗಿದ ಮರದ ಪಟ್ಟಿಯ) ಮೂಲಕ ಕೆಳಗಿನ ಮರದ ಹಲಗೆಗೆ, ಅಂದರೆ ಸೌಂಡ್‌ಬೋರ್ಡಿಗೆ ಇಳಿಯುತ್ತದೆ, ನಾವು ಪಿಯಾನೋ ಅಂತ ಕೇಳುವ ನಾದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಹಾಗಾಗಿ ಸುತ್ತಿಗೆಗಳ ಹತ್ತಿರ ಹೋದಷ್ಟೂ ಹೊಡೆತ, ಚುರುಕು, ಸ್ಪಷ್ಟತೆ. ಬಾಲದ ಕಡೆ, ಅಂದರೆ ಕೀಲಿಮಣೆಯಿಂದ ದೂರದ ತುದಿಯ ಕಡೆ ಸರಿದಷ್ಟೂ ದುಂಡಗಿನ, ಬೆಚ್ಚಗಿನ ನಾದ. ಇಷ್ಟು ತಿಳಿದರೆ ಮೈಕ್ ಎತ್ತ ಸರಿಸಬೇಕು ಅನ್ನುವುದು ಅಂದಾಜಿಗೆ ಬರುತ್ತದೆ.

ಈಗ ಪಿಯಾನೋ ನುಡಿಸುವವರನ್ನು ಎರಡು ನಿಮಿಷ ನುಡಿಸಲು ಕೇಳಿಕೊಳ್ಳಿ. ಒಂದು ಕಿವಿ ಮುಚ್ಚಿಕೊಂಡು ಇನ್ನೊಂದು ಕಿವಿಯನ್ನೇ ಮೈಕ್ ಅಂದುಕೊಂಡು ಪಿಯಾನೋ ಸುತ್ತ ನಡೆಯಿರಿ. ಬಗ್ಗಿ ಕೇಳಿ, ಎದ್ದು ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಸಮವಾಗಿ ಕೇಳುತ್ತವೆ, ಎಲ್ಲಿ ನಡುವಿನ ಸ್ವರಗಳು ಗೊರಗೊರ ಅನ್ನುತ್ತವೆ ಅಂತ ನಿಮ್ಮ ಕಿವಿಯೇ ಹೇಳುತ್ತದೆ. ಎರಡು ಪಿಯಾನೋ ಒಂದೇ ಥರ ಇರುವುದಿಲ್ಲ. ಮುಂದೆ ನಾನು ಕೊಡುವ ಅಳತೆಗಳೆಲ್ಲ ಶುರು ಮಾಡಲು ಮಾತ್ರ.

ಪಿಯಾನೋ ಎಲ್ಲಿ ನಿಲ್ಲಬೇಕು

ಮೊದಲು ಒಂದು ಪ್ರಶ್ನೆ. ಮೈಕ್ ನಿಜವಾಗಿಯೂ ಬೇಕಾ? ನಾದ ಚೆನ್ನಾಗಿ ಹರಡುವ ಚಿಕ್ಕ ಸಭಾಂಗಣ, ಒಬ್ಬರೇ ನುಡಿಸುವ ಶಾಸ್ತ್ರೀಯ ಸಂಗೀತ ಅಂದರೆ ಮೈಕ್ ಬೇಡವೇ ಬೇಡ. ಪಿಯಾನೋ ತನ್ನ ಪಾಡಿಗೆ ನುಡಿಯಲಿ. ಬಯಲಿನಲ್ಲಿ, ದೊಡ್ಡ ಜಾಗದಲ್ಲಿ, ಬ್ಯಾಂಡ್ ಜೊತೆಗೆ ಅಂದಾಗ ಮಾತ್ರ ಮೈಕ್.

ಮುಚ್ಚಳ ಪಿಯಾನೋ ನುಡಿಸುವವರ ಬಲಕ್ಕೆ ತೆರೆದುಕೊಳ್ಳುತ್ತದೆ. ಆದ್ದರಿಂದ ಅವರ ಬಲಗೈ ಪ್ರೇಕ್ಷಕರ ಕಡೆಗಿರುವಂತೆ ಪಿಯಾನೋ ನಿಲ್ಲಿಸುವುದು ವಾಡಿಕೆ. ಬ್ಯಾಂಡ್ ಇದ್ದಾಗ ಇನ್ನೊಂದು ವಿಷಯ ನೋಡಬೇಕು. ತೆರೆದ ಮುಚ್ಚಳದ ಒಳಗೆ ಡ್ರಮ್ಸ್ ನೇರವಾಗಿ ನೋಡುವಂತೆ ಇರಬಾರದು. ಆ ಮುಚ್ಚಳ ಪಿಯಾನೋ ಸದ್ದನ್ನು ಹೊರಗೆ ತಳ್ಳುವ ಹಾಗೇ ಹೊರಗಿನ ಸದ್ದನ್ನು ನಿಮ್ಮ ಮೈಕ್‌ಗಳ ಮೇಲೆ ಸುರಿಯುತ್ತದೆ. ಡ್ರಮ್ಸ್ ಅನ್ನು ಮುಚ್ಚಳದ ಬೆನ್ನಿನ ಕಡೆಗೆ, ಆದಷ್ಟು ದೂರಕ್ಕೆ ಸರಿಸಿ. ಬೇಸ್ ಆಂಪ್ ಕೂಡ ಹಾಗೇ. ಒಂದು ಮೀಟರ್ ಸರಿಸಿದರೂ ಆಮೇಲೆ ಮಿಕ್ಸರ್ ಮುಂದೆ ಅರ್ಧ ಗಂಟೆ ಉಳಿಯುತ್ತದೆ.

ಇದೆಲ್ಲ ಶ್ರುತಿ ಮಾಡುವವರು ಬರುವ ಮೊದಲೇ ಮುಗಿಯಬೇಕು. ಶ್ರುತಿ ಮಾಡಿದ ಮೇಲೆ ಪಿಯಾನೋ ಎಳೆದಾಡಬೇಡಿ. ವೇದಿಕೆಯ ದೀಪಗಳ ಬಿಸಿಗೂ ಶ್ರುತಿ ಜಾರುತ್ತದೆ, ಆದ್ದರಿಂದ ಸಾಧ್ಯವಾದರೆ ದೀಪಗಳನ್ನು ಮೊದಲೇ ಹಾಕಿಸಿ. ಶ್ರುತಿ ಮಾಡುವವರಿಗೆ ಕಡಿಮೆ ಅಂದರೂ ಒಂದು ಒಂದೂವರೆ ಗಂಟೆ ಬೇಕು, ಪೂರ್ತಿ ನಿಶ್ಶಬ್ದ ಬೇಕು. ಆ ಹೊತ್ತಿನಲ್ಲಿ ಡ್ರಮ್ಸ್ ಚೆಕ್ ಇಟ್ಟುಕೊಳ್ಳಬೇಡಿ. ಶ್ರುತಿ ಸರಿ ಇಲ್ಲದ ಪಿಯಾನೋವನ್ನು ಯಾವ ಮೈಕ್ ಕೂಡ ಉಳಿಸುವುದಿಲ್ಲ.

ಮುಚ್ಚಳ ಎಷ್ಟು ತೆರೆಯಬೇಕು

ನನ್ನ ಪ್ರಕಾರ ಇದು ಮೈಕ್ ಆಯ್ಕೆಗಿಂತ ದೊಡ್ಡ ತೀರ್ಮಾನ.

ಉದ್ದ ಕೋಲಿನ ಮೇಲೆ ಪೂರ್ತಿ ತೆರೆದರೆ ನಾದ ಸಹಜ, ಉಸಿರಾಡಲು ಜಾಗ ಇರುತ್ತದೆ. ಒಬ್ಬರೇ ನುಡಿಸುವಾಗ, ಹಾಡುವವರೊಬ್ಬರು ಜೊತೆಗಿರುವಾಗ, ಮೆಲ್ಲಗೆ ನುಡಿಸುವ ಜಾಝ್ ಮೂವರ ತಂಡದಲ್ಲಿ ಇದೇ ಸರಿ. ಗಿಡ್ಡ ಕೋಲಿನ ಮೇಲೆ ಇಟ್ಟರೆ ಹೊರಗಿನ ಗದ್ದಲ ಕಡಿಮೆ ಆಗುತ್ತದೆ, ಆದರೆ ಒಳಗೆ ಸದ್ದು ಮುಚ್ಚಳಕ್ಕೆ ಬಡಿದು ವಾಪಸ್ ಬರುವುದು ಹೆಚ್ಚಾಗುತ್ತದೆ. ಪೂರ್ತಿ ಮುಚ್ಚಿದರೆ ಜೋರು ಬ್ಯಾಂಡ್ ಮಧ್ಯೆಯೂ ಪಿಯಾನೋ ಎದ್ದು ಕೇಳುವಂತೆ ಮಾಡಬಹುದು, ಆದರೆ ಡಬ್ಬದೊಳಗಿಂದ ಬಂದಂಥ ಸದ್ದಿನ ಜೊತೆ ಗುದ್ದಾಡಬೇಕಾಗುತ್ತದೆ.

ವೇದಿಕೆ ಎಷ್ಟು ಜೋರಾಗಿರುತ್ತದೆ ಅನ್ನುವುದೇ ಇದನ್ನು ತೀರ್ಮಾನಿಸಬೇಕು. ನುಡಿಸುವವರ ಇಷ್ಟವನ್ನೂ ಕೇಳಿ. ಮುಚ್ಚಳ ಮುಚ್ಚಿದರೆ ಅವರಿಗೆ ತಮ್ಮದೇ ಪಿಯಾನೋ ಸರಿಯಾಗಿ ಕೇಳುವುದಿಲ್ಲ, ಬೆರಳಿಗೆ ಜಾಸ್ತಿ ಬಲ ಹಾಕಲು ಶುರು ಮಾಡುತ್ತಾರೆ.

ಮುಚ್ಚಳವನ್ನೇ ಬಿಚ್ಚಿ ತೆಗೆಯುವುದೂ ಉಂಟು. ಅದು ತುಂಬಾ ಭಾರ. ಪಿಯಾನೋ ಕೆಲಸ ಬಲ್ಲವರು ಇಲ್ಲದೆ ಕೈ ಹಾಕಬೇಡಿ.

ಯಾವ ಮೈಕ್

ಕಂಡೆನ್ಸರ್ ಮೈಕ್ ಬೇಕು. ಪಿಯಾನೋದ ಹೊಡೆತದ ಮೊನೆಯನ್ನೂ ಅದರ ಹಿಂದೆ ನಿಧಾನವಾಗಿ ಕರಗುವ ನಾದವನ್ನೂ ಅದು ಚೆನ್ನಾಗಿ ಹಿಡಿಯುತ್ತದೆ. ಶ್ಯೂರ್ ಎಸ್‌ಎಂ 81, ನಾಯ್‌ಮನ್ ಕೆಎಂ 184 ಥರದ ಸಣ್ಣ ಡಯಾಫ್ರಮ್ ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಜೋಡಿ ಇದ್ದರೆ ಬಹುತೇಕ ಕಾರ್ಯಕ್ರಮ ನಡೆಯುತ್ತದೆ. ಎಕೆಜಿ ಸಿ 414 ಕೂಡ ಚೆನ್ನ, ಅದರಲ್ಲಿ ಪ್ಯಾಟರ್ನ್, ಅಂದರೆ ಯಾವ ದಿಕ್ಕಿನ ಸದ್ದು ಹಿಡಿಯಬೇಕು ಅನ್ನುವುದನ್ನು ಬದಲಿಸಬಹುದು. ಇವಕ್ಕೆಲ್ಲ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್ ಮೂಲಕವೇ ಹೋಗುವ ವಿದ್ಯುತ್) ಹೋಗಬೇಕು.

ಪಿಯಾನೋ ಒಳಗೇ ಕೂರುವ ಚಿಕ್ಕ ಮೈಕ್‌ಗಳಲ್ಲಿ ಡಿಪಿಎ 4099 ನನಗೆ ಅಚ್ಚುಮೆಚ್ಚು. ಅಯಸ್ಕಾಂತದ ಹಿಡಿಕೆಯಿಂದ ಒಳಗಿನ ಕಬ್ಬಿಣದ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ. ಸ್ಟ್ಯಾಂಡ್ ಬೇಡ, ನೋಡುವವರ ಕಣ್ಣಿಗೂ ಅಡ್ಡ ಬರುವುದಿಲ್ಲ. ಅರ್ಥ್‌ವರ್ಕ್ಸ್ ಕಂಪನಿಯ ಪಿಯಾನೋ ಮೈಕ್ ಒಂದು ಉದ್ದ ಸರಳಿನ ಮೇಲೆ ಎರಡು ಮೈಕ್ ಹೊತ್ತು ಒಳಗೆ ಅಡ್ಡಲಾಗಿ ಕೂರುತ್ತದೆ, ಮುಚ್ಚಳ ಮುಚ್ಚಿದರೂ ಕೆಲಸ ಮಾಡುತ್ತದೆ. ಇನ್ನು ಬೌಂಡರಿ ಮೈಕ್. ಶ್ಯೂರ್ ಬೀಟಾ 91ಎ, ಕ್ರೌನ್ ಪಿಝಡ್‌ಎಂ ಥರದ ಚಪ್ಪಟೆ ಮೈಕ್‌ಗಳು. ಅದರ ವಿಷಯ ಮುಂದೆ ಹೇಳುತ್ತೇನೆ.

ತೀರಾ ಜೋರು ವೇದಿಕೆಗೆ ಹೆಲ್ಪಿನ್‌ಸ್ಟಿಲ್ ಥರದ ಪಿಕಪ್ ಇದೆ. ಅದು ಗಾಳಿಯ ಸದ್ದನ್ನಲ್ಲ, ತಂತಿಯ ನಡುಕವನ್ನೇ ಹಿಡಿಯುತ್ತದೆ. ಫೀಡ್‌ಬ್ಯಾಕ್ ಕಾಟ, ಅಂದರೆ ಸ್ಪೀಕರ್ ಸದ್ದನ್ನೇ ಮೈಕ್ ಮತ್ತೆ ಹಿಡಿದು ಕೂಗುವುದು ಬಹಳ ಕಡಿಮೆ. ಆದರೆ ಮರದ ನಾದ ಸಿಗುವುದಿಲ್ಲ. ಮೈಕ್ ಜೊತೆಗೆ ಆಸರೆಯಾಗಿ ಇಟ್ಟುಕೊಳ್ಳಬಹುದು, ಅದೊಂದನ್ನೇ ನಂಬಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಮುಚ್ಚಳ ತೆರೆದಾಗ

ತಾರದ ಮೈಕ್ ಮೊದಲು ಇಡಿ. ನಡುವಿನ ಸಿ ಸ್ವರಕ್ಕಿಂತ ಒಂದೂವರೆ ಎರಡು ಆಕ್ಟೇವ್ (ಸಪ್ತಕ) ಮೇಲಿನ ತಂತಿಗಳ ಮೇಲೆ, ಸುತ್ತಿಗೆಗಳ ಸಾಲಿನಿಂದ 15–20 ಸೆಂ.ಮೀ. ಬಾಲದ ಕಡೆಗೆ, ತಂತಿಗಿಂತ 25 ಸೆಂ.ಮೀ. ಎತ್ತರದಲ್ಲಿ. ಸುತ್ತಿಗೆಗಳ ನೇರ ಮೇಲೆ ಬೇಡ. ಅಲ್ಲಿ ಹೊಡೆತದ ಟಕಟಕ ಜಾಸ್ತಿ, ಮೇಲಾಗಿ ಯಂತ್ರದ ಸದ್ದೂ ಬರುತ್ತದೆ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ ನುಡಿಸುವಾಗ ಗುನುಗುತ್ತಿದ್ದುದು ಅವರ ಧ್ವನಿಮುದ್ರಣಗಳಲ್ಲೇ ಕೇಳುತ್ತದೆ ಅಲ್ವಾ? ಹಾಗೆ ಗುನುಗುವವರು ಬಹಳ ಜನ ಇದ್ದಾರೆ. ಮೈಕ್ ಅವರ ಮುಖದಿಂದ ದೂರ ಇದ್ದಷ್ಟೂ ಒಳ್ಳೆಯದು.

ಮಂದ್ರದ ಮೈಕ್ ಬಾಲದ ಕಡೆಗೆ, ಓರೆಯಾಗಿ ಹಾದು ಬರುವ ದಪ್ಪ ತಂತಿಗಳ ಮೇಲೆ, ಅಷ್ಟೇ ಎತ್ತರದಲ್ಲಿ. ಎರಡನ್ನೂ ಕೀಲಿಮಣೆಯ ಹತ್ತಿರವೇ ಅಕ್ಕಪಕ್ಕ ಇಡುವವರಿದ್ದಾರೆ. ನಾನು ಬಾಲಕ್ಕೆ ಒಯ್ಯುವುದಕ್ಕೆ ಕಾರಣ ಇದೆ.

ಒಂದೇ ಸದ್ದು ಎರಡು ಮೈಕ್‌ಗೆ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಓಡುತ್ತದೆ. ಒಂದು ಸ್ವರದಿಂದ ಒಂದು ಮೈಕ್‌ಗೂ ಇನ್ನೊಂದಕ್ಕೂ 17 ಸೆಂ.ಮೀ. ವ್ಯತ್ಯಾಸ ಇದ್ದರೆ 1000 ಹರ್ಟ್ಸ್ ಹತ್ತಿರದ ಸದ್ದು ಒಂದರಲ್ಲಿ ಮೇಲೇಳುವಾಗ ಇನ್ನೊಂದರಲ್ಲಿ ಕೆಳಗಿಳಿಯುತ್ತಿರುತ್ತದೆ. ಎರಡನ್ನೂ ಕೂಡಿಸಿದರೆ ಆ ಭಾಗ ಒಂದನ್ನೊಂದು ನುಂಗಿಕೊಳ್ಳುತ್ತದೆ. ಪಿಯಾನೋ ಟೊಳ್ಳಾಗಿ, ನೀರೊಳಗಿಂದ ಬಂದ ಹಾಗೆ ಕೇಳುವುದು ಇದಕ್ಕೇ. ಇದನ್ನು ತಗ್ಗಿಸಲು ಹಳೆಯ 3ಕ್ಕೆ 1 ಲೆಕ್ಕ ಇದೆ. ಮೈಕ್ ತಂತಿಯಿಂದ 25 ಸೆಂ.ಮೀ. ದೂರ ಇದ್ದರೆ ಮೈಕ್‌ಗಳ ನಡುವೆ ಕನಿಷ್ಠ 75 ಸೆಂ.ಮೀ. ಇರಲಿ. ಆಗ ಪಕ್ಕದ ಮೈಕ್‌ಗೆ ಸೋರುವ ಸದ್ದು ಸಾಕಷ್ಟು ಸಣ್ಣದಾಗಿ, ನುಂಗುವುದು ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಕೀಲಿಮಣೆಯ ಹತ್ತಿರ ಇಷ್ಟು ಅಂತರ ಕೊಟ್ಟರೆ ನಡುವಿನ ಸ್ವರಗಳು ಬಡವಾಗುತ್ತವೆ. ಬಾಲದ ಕಡೆ ಹೋದರೆ ಅಂತರವೂ ಸಿಗುತ್ತದೆ, ನಡುವಿನ ಸ್ವರಗಳೂ ಉಳಿಯುತ್ತವೆ.

ಈ ತಲೆನೋವೇ ಬೇಡ ಅನ್ನುವವರು ಎರಡು ಮೈಕ್‌ಗಳ ಮೂತಿಯನ್ನು ಒಂದರ ಮೇಲೊಂದು ತಂದು 90 ಡಿಗ್ರಿ ಕೋನದಲ್ಲಿ ಅಗಲಿಸುತ್ತಾರೆ. ಎಕ್ಸ್‌ವೈ ಅನ್ನುತ್ತಾರೆ ಇದಕ್ಕೆ. ಎರಡೂ ಒಂದೇ ಜಾಗದಲ್ಲಿರುವುದರಿಂದ ಸದ್ದು ಒಟ್ಟಿಗೇ ತಲುಪುತ್ತದೆ. ಪಿಯಾನೋದ ಒಳಬಾಗಿದ ಪಕ್ಕದ ಹತ್ತಿರ, ತಂತಿಗಳ ಮೇಲೆ ಇಟ್ಟು ನೋಡಿ. ಅಗಲ ಕಡಿಮೆ, ಆದರೆ ನಂಬಿಕಸ್ತ. ಸಿಸ್ಟಮ್ ಮೋನೋ (ಎಲ್ಲ ಸ್ಪೀಕರ್‌ಗೂ ಒಂದೇ ಸದ್ದು) ಇದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ಯಾವ ರೀತಿ ಇಟ್ಟರೂ ಮಿಕ್ಸರ್‌ನಲ್ಲಿ ಎರಡನ್ನೂ ಮಧ್ಯಕ್ಕೆ ತಂದು ಮೋನೋದಲ್ಲಿ ಕೇಳಿ. ಎರಡನೇ ಮೈಕ್ ಸೇರಿಸಿದಾಗ ನಾದ ತುಂಬಿಕೊಳ್ಳಬೇಕು. ತೆಳುವಾದರೆ ಒಂದು ಮೈಕ್‌ನ ಏರಿಳಿತವನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿ ನೋಡಿ. ಆಗಲೂ ಸರಿ ಹೋಗದಿದ್ದರೆ ವೇದಿಕೆಗೆ ಹೋಗಿ ಒಂದು ಮೈಕ್ ನಾಲ್ಕು ಬೆರಳಷ್ಟು ಸರಿಸಿ, ಮತ್ತೆ ಕೇಳಿ. ಇದರಲ್ಲಿ ಬೇಸರ ಮಾಡಿಕೊಳ್ಳಬೇಡಿ. ಒಳ್ಳೆಯ ಪಿಯಾನೋ ಸದ್ದು ಸಿಗುವುದೇ ಈ ಓಡಾಟದಲ್ಲಿ.

ಬೂಮ್ ಸ್ಟ್ಯಾಂಡ್ ಬಳಸುವಾಗ ಹುಷಾರು. ಭಾರದ ಕಾಲಿನ ಸ್ಟ್ಯಾಂಡ್ ಇರಲಿ, ತಿರುಪು ಬಿಗಿಯಾಗಿರಲಿ. ತೋಳು ಮೆಲ್ಲಗೆ ಜಾರಿ ತಂತಿ ಮೇಲೆ ಕೂತರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬರಿಗೈಯಿಂದ ತಂತಿ ಮುಟ್ಟಬೇಡಿ, ಬೆವರಿಗೆ ತುಕ್ಕು ಹಿಡಿಯುತ್ತದೆ. ಪಾಲಿಶ್ ಮಾಡಿದ ಹೊರಮೈಗೆ ಗ್ಯಾಫರ್ ಟೇಪ್ ಹಚ್ಚಲೇಬೇಡಿ.

ಮುಚ್ಚಳ ಮುಚ್ಚಿದಾಗ

ಬೌಂಡರಿ ಮೈಕ್ ಹೊಳೆಯುವುದು ಇಲ್ಲಿ. ಸಾಮಾನ್ಯ ಮೈಕ್‌ಗೆ ನೇರ ಸದ್ದೂ ಮುಚ್ಚಳಕ್ಕೆ ಬಡಿದು ಬಂದ ಸದ್ದೂ ಒಂದರ ಹಿಂದೆ ಒಂದು ಬಂದು ಕಲಸಿಕೊಳ್ಳುತ್ತವೆ. ಚಪ್ಪಟೆ ಮೈಕ್ ಮುಚ್ಚಳದ ಮೈಗೇ ಅಂಟಿಕೊಂಡಿರುವುದರಿಂದ ಎರಡೂ ಅದಕ್ಕೆ ಒಟ್ಟಿಗೇ ಸಿಗುತ್ತವೆ. ಮುಚ್ಚಳದ ಒಳಮೈಗೆ ಒಂದನ್ನು ತಾರದ ತಂತಿಗಳ ಮೇಲೆ, ಇನ್ನೊಂದನ್ನು ಮಂದ್ರದ ಮೇಲೆ ಬರುವಂತೆ ಅಂಟಿಸಿ. ಒಂದೇ ಮೈಕ್ ಇದ್ದರೆ ನಡುವೆ, ಸ್ವಲ್ಪ ತಾರದ ಕಡೆಗೆ. ಮುಚ್ಚಳಕ್ಕೆ ಅಂಟಿಸುವ ಮೊದಲು ಪಿಯಾನೋ ಯಾರದೋ ಅವರನ್ನು ಕೇಳಿ, ಪಾಲಿಶ್ ಕೀಳದ ಟೇಪ್ ಬಳಸಿ.

ಅಂಟು ನಿಂತಿದೆಯಾ ಅಂತ ಎರಡೆರಡು ಸಲ ಎಳೆದು ನೋಡಿ. ಒಂದು ಕಾರ್ಯಕ್ರಮದಲ್ಲಿ ಟೇಪ್ ಬಿಟ್ಟುಕೊಂಡು ನಾನಿಟ್ಟ ಮೈಕ್ ಹಾಡಿನ ಮಧ್ಯೆ ತಂತಿಗಳ ಮೇಲೆ ಬಿತ್ತು. ಎದೆ ಧಸಕ್ಕೆಂದಿತು. ನುಡಿಸುತ್ತಿದ್ದವರು ಆ ಭಾಗದ ಸ್ವರಗಳನ್ನು ಬಿಟ್ಟು ಹಾಡು ಮುಗಿಸಿದರು. ಅಂದಿನಿಂದ ಕೇಬಲನ್ನೂ ಒಂದು ಕಡೆ ಕಟ್ಟುತ್ತೇನೆ, ಅಂಟು ಬಿಟ್ಟರೂ ಮೈಕ್ ತಂತಿಯವರೆಗೆ ಇಳಿಯಬಾರದು.

ಮುಚ್ಚಿದ ಪಿಯಾನೋದಲ್ಲಿ 250ರಿಂದ 500 ಹರ್ಟ್ಸ್ ನಡುವೆ ಗುಮ್ಮೆನ್ನುವುದು ಸಹಜ. ಅದನ್ನು ತಗ್ಗಿಸಬೇಕಾಗುತ್ತದೆ.

ಮಾನಿಟರ್ ಮತ್ತು ಕೂಗಾಟ

ಡ್ಯಾಂಪರ್ ಪೆಡಲ್ ಒತ್ತಿದಾಗ ತಂತಿಗಳನ್ನು ಸುಮ್ಮನಾಗಿಸುವ ಫೆಲ್ಟ್ ಮೇಲೆದ್ದು ಎಲ್ಲ ತಂತಿಗಳೂ ಬಿಡುಗಡೆ ಆಗುತ್ತವೆ. ಆಗ ಮಾನಿಟರ್‌ನಿಂದ ಬಂದ ಸದ್ದಿಗೆ ತಂತಿಗಳೂ ಹಲಗೆಯೂ ತಾವಾಗಿಯೇ ನಡುಗುತ್ತವೆ, ಮೈಕ್ ಅದನ್ನು ಮತ್ತೆ ಹಿಡಿಯುತ್ತದೆ. ಆದ್ದರಿಂದ ಫೀಡ್‌ಬ್ಯಾಕ್ ಪರೀಕ್ಷೆಯನ್ನು ಪೆಡಲ್ ಒತ್ತಿಸಿಯೇ ಮಾಡಿ. ಪೆಡಲ್ ಬಿಟ್ಟಾಗ ಸುಮ್ನೆ ಇದ್ದದ್ದು ಒತ್ತಿದಾಗ ಕೂಗುತ್ತದೆ. ಮೆಲ್ಲಗೆ ಗೇನ್ (ಮೈಕ್ ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿ, ಮೊದಲು ಕೂಗುವ ಒಂದೆರಡು ಜಾಗಗಳನ್ನು ಮಾನಿಟರ್ ಈಕ್ಯೂನಲ್ಲಿ ಕಡಿಮೆ ಮಾಡಿ. ಇಡೀ ಪಿಯಾನೋವನ್ನು ಕತ್ತರಿಸಬೇಡಿ.

ಮಾನಿಟರ್ ಸ್ಪೀಕರ್ ತೆರೆದ ಮುಚ್ಚಳದ ಒಳಗೆ ನೋಡಬಾರದು. ನುಡಿಸುವವರ ಎಡಗಡೆ ಅಥವಾ ಬೆನ್ನ ಹಿಂದೆ ಓರೆಯಾಗಿ ಇಡಿ. ಅವರು ಇನ್‌ಇಯರ್ (ಕಿವಿಯೊಳಗೆ ಹಾಕುವ ಮಾನಿಟರ್) ಹಾಕಿಕೊಂಡರೆ ಅರ್ಧ ತೊಂದರೆ ಅಲ್ಲೇ ತೀರಿತು. ಮೂರನೇ, ನಾಲ್ಕನೇ ಮೈಕ್ ಸೇರಿಸುವ ಆಸೆ ಬಂದಾಗ ಇದನ್ನು ನೆನಪಿಡಿ: ತೆರೆದ ಮೈಕ್‌ಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗಾಟಕ್ಕೆ ಮೊದಲು ನಿಮಗೆ ಸಿಗುವ ಗೇನ್ 3 ಡಿಬಿ (ಡೆಸಿಬೆಲ್) ಇಳಿಯುತ್ತದೆ.

ಮಿಕ್ಸರ್ ಮುಂದೆ

ಗೇನ್ ಇಡುವಾಗ ಕಾರ್ಯಕ್ರಮದ ಅತಿ ಜೋರಾದ ಭಾಗವನ್ನೇ ನುಡಿಸಲು ಹೇಳಿ. ಆದರೂ 15 ಡಿಬಿ ಆದರೂ ಮೇಲೆ ಜಾಗ ಬಿಡಿ. ಪ್ರೇಕ್ಷಕರ ಮುಂದೆ ಎಲ್ಲರ ಕೈಯೂ ಜೋರಾಗುತ್ತದೆ.

ಬ್ಯಾಂಡ್ ಜೊತೆಗಿದ್ದರೆ 80–100 ಹರ್ಟ್ಸ್ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆಯಿರಿ. ಕೆಳಗಿನ ಸ್ವರ ಹಾಳಾಗುತ್ತದೆ ಅಂತ ಹೆದರಬೇಡಿ. ಅತಿ ಮಂದ್ರದ ಸ್ವರಗಳಲ್ಲಿ ಮೂಲ ಕಂಪನ ಮೊದಲೇ ಬಲಹೀನ, ಮೇಲಿನ ಹಾರ್ಮೋನಿಕ್‌ಗಳಿಂದಲೇ ಕಿವಿ ಆ ಸ್ವರವನ್ನು ಗುರುತಿಸುತ್ತದೆ. ಪಿಯಾನೋವನ್ನು ಸಬ್‌ವೂಫರ್‌ಗೆ ಕಳಿಸುವ ಅಗತ್ಯವೂ ಇಲ್ಲ. ಒಬ್ಬರೇ ನುಡಿಸುವಾಗ ಫಿಲ್ಟರನ್ನು 40ರ ಹತ್ತಿರಕ್ಕೆ ಇಳಿಸಿ. ಮಂಕಾಗಿದ್ದರೆ 200ರಿಂದ 400 ನಡುವೆ ಸ್ವಲ್ಪ ತಗ್ಗಿಸಿ. ಹೊಡೆತ ಬೇಕಿದ್ದರೆ 3000 ಆಸುಪಾಸು ಸ್ವಲ್ಪ ಏರಿಸಿ. ಅದಕ್ಕಿಂತ ಹೆಚ್ಚು ಬೇಕು ಅನಿಸಿದರೆ ಎದ್ದು ಹೋಗಿ ಮೈಕ್ ಸರಿಸಿ.

1700ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯ ಕಟ್ಟಿದರು. ಮೆಲ್ಲಗೂ ಜೋರಾಗಿಯೂ ನುಡಿಸಬಹುದು ಅನ್ನುವುದೇ ಇದರ ಹೆಸರಾಯಿತು. ಕಂಪ್ರೆಸರ್ (ಜೋರು ಸದ್ದನ್ನು ತಾನಾಗಿ ತಗ್ಗಿಸುವ ಸಾಧನ) ಹಾಕಿ ಆ ಗುಣವನ್ನೇ ಹಿಂಡಬೇಡಿ. ಬ್ಯಾಂಡ್ ಮಧ್ಯೆ ಬೇಕೇ ಬೇಕು ಅಂದರೆ 2:1 ಅನುಪಾತ, ನಿಧಾನ ಅಟ್ಯಾಕ್ (ಸ್ವಲ್ಪ ತಡವಾಗಿ ತಗ್ಗಿಸುವುದು), 2–3 ಡಿಬಿ ತಗ್ಗಿಸಿದರೆ ಸಾಕು. ಸಣ್ಣ ಸದ್ದನ್ನು ಮುಚ್ಚಿಬಿಡುವ ಗೇಟ್ ಅಂತೂ ಬೇಡವೇ ಬೇಡ, ಕರಗುವ ನಾದದ ಬಾಲವನ್ನು ಕಚಕ್ಕನೆ ಕತ್ತರಿಸುತ್ತದೆ.

ಸ್ಟೀರಿಯೋದಲ್ಲಿ ಎರಡು ಮೈಕ್‌ಗಳನ್ನು ಎಡಬಲದ ತುದಿಗೆ ತಳ್ಳಬೇಡಿ. ಒಂದು ಬದಿಯಲ್ಲಿ ಕೂತವರಿಗೆ ಬರೀ ಮಂದ್ರ, ಇನ್ನೊಂದು ಬದಿಯವರಿಗೆ ಬರೀ ತಾರ ಕೇಳುತ್ತದೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 10 ಮತ್ತು 2 ಗಂಟೆ ಸಾಕು.

ಕಾರ್ಯಕ್ರಮ ಮುಗಿದ ಮೇಲೆ

ಚಾನೆಲ್ ಮ್ಯೂಟ್ ಮಾಡಿ, ಫ್ಯಾಂಟಮ್ ಪವರ್ ಆರಿಸಿ, ಆಮೇಲೆ ಕೇಬಲ್ ಕೀಳಿ. ಒಳಗಿನ ಮೈಕ್ ತೆಗೆಯುವ ಮೊದಲು ಯಾರೂ ಮುಚ್ಚಳ ಇಳಿಸದಂತೆ ಹತ್ತಿರವೇ ನಿಂತಿರಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಇದು ನಡೆದುಬಿಡುತ್ತದೆ. ಕೊನೆಗೆ ಟಾರ್ಚ್ ಹಿಡಿದು ಒಳಗೆ ಒಮ್ಮೆ ನೋಡಿ. ಸೌಂಡ್‌ಬೋರ್ಡ್ ಮೇಲೆ ಬಿದ್ದ ಒಂದು ಚಿಕ್ಕ ತಿರುಪು ಸಾಕು, ನಾಳೆ ನುಡಿಸುವವರಿಗೆ ಒಂದೇ ಒಂದು ಸ್ವರದಲ್ಲಿ ಝುಂಯ್ ಅನ್ನುವ ಸದ್ದು ಬರುತ್ತಿರುತ್ತದೆ, ಎಲ್ಲಿಂದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಂದ ಕ್ಲಿಪ್, ತಿರುಪು, ಅಯಸ್ಕಾಂತ ಎಷ್ಟು ಅಂತ ಎಣಿಸಿ ವಾಪಸ್ ಪೆಟ್ಟಿಗೆಗೆ ಹಾಕಿ.